ಮಾರುತಿ 800 ಎಂಜಿನ್ ಮನೆಯಲ್ಲೇ ಬಿಚ್ಚಿ ಕಟ್ಟುವುದು ಹೇಗೆ?

ಎಂಜಿನ್ ಬಿಚ್ಚಲೇಬೇಕೇ ಎಂದು ಮೊದಲು ನೋಡಿಕೊಳ್ಳಿ. ಮಡಿಕೇರಿಯಿಂದ ಸಂಪಾಜೆ ಕಡೆಗೆ ಘಾಟಿ ಇಳಿಯುವಾಗ ಗಾಡಿಯನ್ನು ಗೇರಿನಲ್ಲೇ ಬಿಟ್ಟು, ಆಕ್ಸಿಲರೇಟರಿನಿಂದ ಕಾಲು ತೆಗೆದು ಸ್ವಲ್ಪ ದೂರ ಬನ್ನಿ. ಇಳಿಜಾರು ಮುಗಿದು ಮತ್ತೆ ಕಾಲು ಒತ್ತಿದ ಕೂಡಲೇ ಹಿಂದಿನಿಂದ ಗಪ್ಪನೆ ನೀಲಿ ಹೊಗೆ ಎದ್ದು ಆಮೇಲೆ ನಿಂತರೆ ವಾಲ್ವಿನ ಕಡ್ಡಿಗುಂಟ ಆಯಿಲ್ ಇಳಿಯದಂತೆ ತಡೆಯುವ ವಾಲ್ವ್ ಸೀಲ್ ಅಥವಾ ಆ ಕಡ್ಡಿ ಓಡಾಡುವ ವಾಲ್ವ್ ಗೈಡ್ ಸವೆದಿದೆ. ಇಳಿಯುವಾಗ ಥ್ರಾಟಲ್ ಮುಚ್ಚಿರುವುದರಿಂದ ಎಂಜಿನ್ ಗಾಳಿಗಾಗಿ ಜೋರಾಗಿ ಎಳೆಯುತ್ತದೆ, ಆ ಎಳೆತಕ್ಕೆ ಸವೆದ ಸೀಲಿನ ಸಂದಿಯಿಂದ ಆಯಿಲ್ ಒಳಗೆ ಬರುತ್ತದೆ. ಹಾಗಲ್ಲದೆ ಘಾಟಿ ಹತ್ತುವಾಗ ಉದ್ದಕ್ಕೂ ನೀಲಿ ಹೊಗೆ ಬರುತ್ತಿದ್ದರೆ ಪಿಸ್ಟನ್ನಿನ ರಿಂಗ್ ಮತ್ತು ಬೋರ್ (ಸಿಲಿಂಡರಿನ ಒಳಗೋಡೆ) ಹೋಗಿವೆ. ಮೊದಲನೆಯದಕ್ಕೆ ಎಂಜಿನ್ನಿನ ಮೇಲ್ಭಾಗವಾದ ಹೆಡ್ ಇಳಿಸಿದರೆ ಸಾಕು. ಎರಡನೆಯದಕ್ಕೆ ಮಾತ್ರ ಎಂಜಿನ್ ಪೂರ್ತಿ ಬಿಚ್ಚಬೇಕು. ಈ ವ್ಯತ್ಯಾಸ ನೋಡದೆ ಪಾನಾ ಹಿಡಿದವರು ಬೇಡದ ಖರ್ಚಿಗೆ ಬೀಳುತ್ತಾರೆ.

ಮಳೆಗಾಲದಲ್ಲಿ ಇನ್ನೊಂದು ಲಕ್ಷಣ ಸುಮ್ಮನೆ ಹೆದರಿಸುತ್ತದೆ. ಆಯಿಲ್ ಹಾಕುವ ಮುಚ್ಚಳ ತೆಗೆದರೆ ಒಳಗಡೆ ಬೆಣ್ಣೆ ಸವರಿದಂತೆ ಬಿಳಿ ಲೇಪ. ಹೆಡ್ಡಿಗೂ ಕೆಳಗಿನ ಬ್ಲಾಕಿಗೂ ನಡುವಿನ ಹೆಡ್ ಗ್ಯಾಸ್ಕೆಟ್ ಹೋಯಿತು ಎಂದುಕೊಳ್ಳಬೇಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತೋಟದಿಂದ ಪೇಟೆಗೆ ನಾಲ್ಕೈದು ಕಿಲೋಮೀಟರ್ ಮಾತ್ರ ಓಡುವ ಗಾಡಿ ಸರಿಯಾಗಿ ಬಿಸಿಯಾಗುವುದೇ ಇಲ್ಲ. ಒಳಗೆ ಸೇರಿದ ತೇವ ಆವಿಯಾಗಿ ಹೋಗದೆ ಆಯಿಲ್ ಜೊತೆ ಕದಡಿಕೊಳ್ಳುತ್ತದೆ. ಡಿಪ್‌ಸ್ಟಿಕ್‌ನಲ್ಲಿ ಆಯಿಲ್ ತಿಳಿಯಾಗಿದ್ದು ರೇಡಿಯೇಟರ್ ನೀರು ಇಳಿಯದಿದ್ದರೆ ಒಮ್ಮೆ ಮೈಸೂರಿಗೆ ಹೋಗಿ ಬನ್ನಿ, ಲೇಪ ಕರಗುತ್ತದೆ. ಡಿಪ್‌ಸ್ಟಿಕ್‌ನ ಆಯಿಲ್ಲೇ ಹಾಲು ಹಾಕಿದ ಕಾಫಿಯ ಬಣ್ಣಕ್ಕೆ ತಿರುಗಿ, ನೀರೂ ಕಡಿಮೆಯಾಗುತ್ತಿದ್ದರೆ ಅದು ಗ್ಯಾಸ್ಕೆಟ್ ಅಥವಾ ಬಿರುಕು ಬಿಟ್ಟ ಹೆಡ್. ಆಗ ಗಾಡಿ ಓಡಿಸಬೇಡಿ.

ಕೊನೆಯ ತೀರ್ಪು ಸಿಲಿಂಡರಿನ ಒತ್ತಡ ಅಳೆಯುವ ಕಂಪ್ರೆಶನ್ ಗೇಜಿನದು. ಎಂಜಿನ್ ಬಿಸಿ ಮಾಡಿ, ಮೂರೂ ಪ್ಲಗ್ ತೆಗೆದು, ಇಗ್ನಿಷನ್ ಕಾಯಿಲ್ ಕನೆಕ್ಷನ್ ಕಳಚಿ, ಆಕ್ಸಿಲರೇಟರ್ ಪೂರ್ತಿ ಒತ್ತಿ ಹಿಡಿದು ಸ್ಟಾರ್ಟರ್ ತಿರುಗಿಸಿ. ಸಮುದ್ರ ಮಟ್ಟದಲ್ಲಿ ಚದರ ಸೆಂಟಿಮೀಟರಿಗೆ 12 ಕೆಜಿ ತೋರಿಸುವ ಎಂಜಿನ್ ಮಡಿಕೇರಿಯಲ್ಲಿ ಹತ್ತೂವರೆಯ ಆಸುಪಾಸು ತೋರಿಸುತ್ತದೆ. ಸುಮಾರು 1,150 ಮೀಟರ್ ಎತ್ತರದಲ್ಲಿ ಗಾಳಿಯೇ ತೆಳು. ಮ್ಯಾನ್ಯುಯಲ್ ನೋಡಿ ಗಾಬರಿಯಾಗುವ ಮೊದಲು ಇದನ್ನು ಲೆಕ್ಕಕ್ಕೆ ಹಿಡಿಯಿರಿ. ಒಂದು ಸಿಲಿಂಡರಿಗೂ ಇನ್ನೊಂದಕ್ಕೂ 1 ಕೆಜಿಗಿಂತ ಹೆಚ್ಚು ವ್ಯತ್ಯಾಸ ಇರಬಾರದು. ಕಡಿಮೆ ಇರುವ ಸಿಲಿಂಡರಿಗೆ ಪ್ಲಗ್ ತೂತಿನಿಂದ ಒಂದು ಟೀ ಚಮಚ ಎಂಜಿನ್ ಆಯಿಲ್ ಬಿಟ್ಟು ಮತ್ತೆ ಅಳೆಯಿರಿ. ಒತ್ತಡ ಏರಿದರೆ ರಿಂಗ್ ಅಥವಾ ಬೋರ್, ಏರದಿದ್ದರೆ ವಾಲ್ವ್ ಅಥವಾ ಗ್ಯಾಸ್ಕೆಟ್.

ಗಾಡಿ, ಜಾಗ, ಕಾಲ

ಮೊದಲ ಸಲ ಕೈ ಹಾಕುವವರಿಗೆ ಮಾರುತಿ 800ಕ್ಕಿಂತ ಒಳ್ಳೆಯ ಗುರು ಇಲ್ಲ. 1983ರಿಂದ 2014ರವರೆಗೆ ತಯಾರಾದ ಗಾಡಿ, ಬಿಡಿಭಾಗ ಇಂದಿಗೂ ಸಿಗುತ್ತವೆ. 796 ಸಿಸಿ, ಮೂರು ಸಿಲಿಂಡರ್, ಬೋರ್ 68.5 ಮಿಮೀ, ಸ್ಟ್ರೋಕ್ 72 ಮಿಮೀ. ಬ್ಲಾಕ್ ಬೀಡು ಕಬ್ಬಿಣ, ಹೆಡ್ ಅಲ್ಯೂಮಿನಿಯಂ. ಸ್ಕ್ರ್ಯಾಪ್ ಅಂಗಡಿಯಿಂದ ಹಾಫ್ ಎಂಜಿನ್ (ಬ್ಲಾಕ್, ಕ್ರ್ಯಾಂಕ್, ಪಿಸ್ಟನ್ ಸೇರಿದ ಕೆಳಭಾಗ) ತಂದು ಕೂರಿಸುವುದು ಸುಲಭವೆಂದು ಕಾಣುತ್ತದೆ, ಆದರೆ ಬ್ಲಾಕ್ ಬದಲಾದರೆ ಎಂಜಿನ್ ನಂಬರೂ ಬದಲಾಯಿತು. ಮಡಿಕೇರಿಯ ಆರ್‌ಟಿಒದಲ್ಲಿ ಆರ್‌ಸಿ ತಿದ್ದಿಸಬೇಕು. ನಿಮ್ಮದೇ ಬ್ಲಾಕ್ ಬೋರ್ ಮಾಡಿಸಿದರೆ ಆ ತಾಪತ್ರಯ ಇಲ್ಲ.

ಕಾಫಿ ಕೊಯ್ಲು ಮುಗಿದ ಮೇಲೆ, ಮಾರ್ಚ್‌ನಿಂದ ಮೇ ನಡುವೆ ಕೆಲಸ ಇಟ್ಟುಕೊಳ್ಳಿ. ಮುಂಗಾರಿನಲ್ಲಿ ಹೊಸದಾಗಿ ಬೋರ್ ಮಾಡಿಸಿದ ಗೋಡೆಗೆ ಒಂದೇ ರಾತ್ರಿಯಲ್ಲಿ ಕಿತ್ತಳೆ ಬಣ್ಣದ ತುಕ್ಕು ಕೂರುತ್ತದೆ. ಕಾಫಿ ಕಣದ ಧೂಳು ಬರುವ ಕಡೆ ಬೇಡ, ನೆಲ ಸಿಮೆಂಟಿನದಾಗಿರಲಿ. ಎಂಜಿನ್ ಎತ್ತಲು ಶೆಡ್ಡಿನ ಸಿಲ್ವರ್ ಓಕ್ ತೊಲೆಯನ್ನು ನಂಬಬೇಡಿ. ಮೂರು ದಪ್ಪ ಜಿಐ ಪೈಪುಗಳ ಮುಕ್ಕಾಲಿ ಕಟ್ಟಿ ಒಂದು ಟನ್ನಿನ ಚೈನ್ ಬ್ಲಾಕ್ ತೂಗುಹಾಕಿ, ಪೈಪಿನ ಬುಡಗಳು ಜಾರದಂತೆ ಒಂದಕ್ಕೊಂದು ಸರಪಳಿ ಕಟ್ಟಿ. ಎತ್ತಿದ ಎಂಜಿನ್ನಿನ ಕೆಳಗೆ ಕೈ, ಕಾಲು ಯಾವುದೂ ಹೋಗಬಾರದು.

ಸ್ಪ್ಯಾನರ್ ಸೆಟ್ ಎಲ್ಲರ ಮನೆಯಲ್ಲೂ ಇರುತ್ತದೆ. ಇಲ್ಲದೇ ಇರುವುದು ಬಿಗಿ ಅಳೆಯುವ ಟಾರ್ಕ್ ರೆಂಚ್, ಸಣ್ಣ ಸಂದು ಅಳೆಯುವ ಫೀಲರ್ ಗೇಜ್, ಪಿಸ್ಟನ್ ರಿಂಗ್ ಒತ್ತಿ ಹಿಡಿಯುವ ರಿಂಗ್ ಕಂಪ್ರೆಸರ್ ಮತ್ತು ವಾಲ್ವ್ ಸ್ಪ್ರಿಂಗ್ ಒತ್ತುವ ಕ್ಲಾಂಪ್. ಈ ನಾಲ್ಕು ಇಲ್ಲದೆ ಶುರು ಮಾಡಬೇಡಿ. ನಿಮ್ಮ ಗಾಡಿಯ ವರ್ಷದ ಸರ್ವಿಸ್ ಮ್ಯಾನ್ಯುಯಲ್ ಕೂಡ ಪಕ್ಕದಲ್ಲಿರಲಿ.

ಬಿಚ್ಚುವುದು

ಬ್ಯಾಟರಿಯ ನೆಗೆಟಿವ್ ಮೊದಲು ಕಳಚಿ. ನೀರು, ಆಯಿಲ್ ಇಳಿಸಿ. ಎಂಪಿಎಫ್‌ಐ (ಪೆಟ್ರೋಲನ್ನು ಇಂಜೆಕ್ಟರಿನಿಂದ ಚಿಮ್ಮಿಸುವ) ಗಾಡಿಯಾದರೆ ಪೆಟ್ರೋಲ್ ಲೈನಿನಲ್ಲಿ ಒತ್ತಡ ಇರುತ್ತದೆ. ಅಂಥ ಗಾಡಿಯಲ್ಲಿ ಬ್ಯಾಟರಿ ಕಳಚುವ, ನೀರು ಆಯಿಲ್ ಇಳಿಸುವ ಮೊದಲೇ ಪಂಪಿನ ರಿಲೇ ಕಿತ್ತು, ಎಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿ, ಆಮೇಲೆಯೇ ಪೈಪ್ ಕಳಚಿ. ಪ್ರತಿ ವೈರ್, ಪ್ರತಿ ಹೋಸ್ ಕಳಚುವ ಮೊದಲು ಮೊಬೈಲಿನಲ್ಲಿ ಫೋಟೊ ತೆಗೆಯಿರಿ.

ಬೋಲ್ಟುಗಳನ್ನು ಭಾಗವಾರು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ, ಹೆಸರನ್ನು ಪೆನ್ಸಿಲಿನಲ್ಲಿ ಚೀಟಿ ಬರೆದು ಒಳಗೇ ಇಡಿ. ಕವರಿನ ಮೇಲೆ ಮಾರ್ಕರಿನಲ್ಲಿ ಬರೆದರೆ ಡೀಸೆಲ್ ತಾಗಿದ ಕೂಡಲೇ ಅಳಿಸಿಹೋಗುತ್ತದೆ. ವಾಲ್ವ್, ರಾಕರ್‌ಗಳಿಗೆ ಮೊಟ್ಟೆ ಟ್ರೇ ಬಳಸಿ, ಯಾವ ಗುಂಡಿಯಲ್ಲಿ ಯಾವುದು ಎಂದು ಗುರುತು ಹಾಕಿ. ಒಂದು ವಾಲ್ವ್ ತನ್ನ ಸೀಟಿಗೆ ಮಾತ್ರ ಒಗ್ಗಿರುತ್ತದೆ. ಅದಲು ಬದಲಾದರೆ ಮೂರು ದಿನದ ಕೆಲಸ ನೀರುಪಾಲು.

ಹೆಡ್ ಬೋಲ್ಟುಗಳನ್ನು ಎಂಜಿನ್ ಪೂರ್ತಿ ತಣ್ಣಗಾದ ಮೇಲೆ, ಹೊರಗಿನಿಂದ ಒಳಕ್ಕೆ, ಎರಡು ಮೂರು ಸುತ್ತಿನಲ್ಲಿ ಸ್ವಲ್ಪ ಸ್ವಲ್ಪವೇ ಸಡಿಲಿಸಿ. ಬಿಸಿಯಲ್ಲಿ ಒಂದೇ ಕಡೆಯಿಂದ ಬಿಚ್ಚಿದರೆ ಅಲ್ಯೂಮಿನಿಯಂ ಹೆಡ್ ಸೊಟ್ಟಗಾಗುತ್ತದೆ. ಕನೆಕ್ಟಿಂಗ್ ರಾಡ್ ಕ್ಯಾಪ್ ತೆಗೆಯುವ ಮೊದಲು ರಾಡ್ ಮತ್ತು ಕ್ಯಾಪ್ ಎರಡಕ್ಕೂ ಒಂದೇ ಬದಿಯಲ್ಲಿ ಸಿಲಿಂಡರ್ ನಂಬರ್ ಗುರುತು ಮಾಡಿ. ಪಿಸ್ಟನ್ ಮೇಲಕ್ಕೆ ತಳ್ಳುವಾಗ ರಾಡ್ ಬೋಲ್ಟುಗಳಿಗೆ ಹಳೆಯ ರಬ್ಬರ್ ಪೈಪಿನ ತುಂಡು ತೊಡಿಸಿ, ಇಲ್ಲವಾದರೆ ಕ್ರ್ಯಾಂಕಿನ ಜರ್ನಲ್ (ಬೇರಿಂಗಿನಲ್ಲಿ ತಿರುಗುವ ನುಣುಪು ಭಾಗ) ಮೇಲೆ ಗೀರು ಬೀಳುತ್ತದೆ.

ಅಳೆಯುವುದು

ಕಟ್ಟಿದ ಎಂಜಿನ್ ಎಷ್ಟು ವರ್ಷ ಬಾಳುತ್ತದೆ ಎಂಬುದು ತೀರ್ಮಾನವಾಗುವುದು ಇಲ್ಲಿ. ಅವಸರ ಬೇಡ.

ಬೋರನ್ನು ಮೇಲೆ, ನಡುವೆ, ಕೆಳಗೆ ಮೂರು ಎತ್ತರದಲ್ಲಿ, ಪ್ರತಿ ಎತ್ತರದಲ್ಲೂ ಕ್ರ್ಯಾಂಕಿನ ಉದ್ದಕ್ಕೆ ಒಮ್ಮೆ ಅಡ್ಡಕ್ಕೆ ಒಮ್ಮೆ ಅಳೆಯಬೇಕು. ಸಿಲಿಂಡರಿಗೆ ಆರು, ಒಟ್ಟು ಹದಿನೆಂಟು ಅಳತೆ. ಬೋರ್ ಗೇಜ್ ಇಲ್ಲದವರಿಗೂ ದಾರಿ ಇದೆ. ಒಂದು ರಿಂಗನ್ನು ಬೋರಿಗೆ ಇಳಿಸಿ, ಪಿಸ್ಟನ್ ತಲೆಯಿಂದ ತಳ್ಳಿ ಸಮವಾಗಿ ಕೂರಿಸಿ. ರಿಂಗ್ ಓಡಾಡದ ತೀರಾ ಕೆಳಭಾಗದಲ್ಲಿ ಒಮ್ಮೆ, ಸವೆತ ಹೆಚ್ಚಿರುವ ಮೇಲ್ಭಾಗದಲ್ಲಿ ಒಮ್ಮೆ ಫೀಲರ್ ಗೇಜಿನಿಂದ ರಿಂಗಿನ ಬಾಯಿಯ ಸಂದು ನೋಡಿ. ಎರಡರ ವ್ಯತ್ಯಾಸವನ್ನು 3.14ರಿಂದ ಭಾಗಿಸಿದರೆ ಬೋರಿನ ಸವೆತ ಸಿಗುತ್ತದೆ. ಕೆಳಗೆ 0.25 ಮಿಮೀ, ಮೇಲೆ 0.57 ಮಿಮೀ ಬಂದರೆ ವ್ಯತ್ಯಾಸ 0.32, ಅಂದರೆ ಬೋರ್ ಸುಮಾರು 0.10 ಮಿಮೀ ಅಗಲವಾಗಿದೆ. ಅಲ್ಲಿಗೆ ಬಂದ ಮೇಲೆ ಹೊಸ ರಿಂಗ್ ಮಾತ್ರ ಹಾಕಿ ಪ್ರಯೋಜನವಿಲ್ಲ, ಕೆಲವೇ ತಿಂಗಳಲ್ಲಿ ಹೊಗೆ ಮರಳುತ್ತದೆ. ಬೋರ್ ಮಾಡಿಸಲೇಬೇಕು.

ಹೆಡ್ಡಿನ ಮೇಲೆ ನೇರ ಉಕ್ಕಿನ ಪಟ್ಟಿ ಉದ್ದಕ್ಕೆ, ಅಡ್ಡಕ್ಕೆ, ಮೂಲೆಯಿಂದ ಮೂಲೆಗೆ ಇಟ್ಟು ಕೆಳಗೆ 0.05 ಮಿಮೀ ಬ್ಲೇಡ್ ತೂರಿಸಿ ನೋಡಿ. ತೂರಿದರೆ ಹೆಡ್ ಫೇಸಿಂಗ್ ಮಾಡಿಸಿ, ಅಂದರೆ ಮುಖ ಸಮತಟ್ಟು ಮಾಡಿಸಿ. ಬೇರಿಂಗ್ ಸಂದು ಅಳೆಯಲು ಪ್ಲಾಸ್ಟಿಗೇಜ್ ಎಂಬ ಮೆದು ಪ್ಲಾಸ್ಟಿಕ್ ಎಳೆ ಸಾಕು. ಆ ಎಳೆಯನ್ನು ಜರ್ನಲ್ ಮೇಲಿಟ್ಟು ಕ್ಯಾಪ್ ಬಿಗಿ ಮಾಡಿ, ಕ್ರ್ಯಾಂಕ್ ತಿರುಗಿಸದೆ ಮತ್ತೆ ಬಿಚ್ಚಿ, ಚಪ್ಪಟೆಯಾದ ಅಗಲ ಓದಿ. 0.02ರಿಂದ 0.04 ಮಿಮೀ ಒಳ್ಳೆಯದು, 0.08 ದಾಟಿದರೆ ಜರ್ನಲ್ ಗ್ರೈಂಡ್ ಮಾಡಿಸಿ 0.25 ಅಂಡರ್‌ಸೈಜ್ ಬೇರಿಂಗ್ ಹಾಕಬೇಕು.

ಲೇತ್ ಶಾಪಿನಲ್ಲಿ

ಬೋರಿಂಗ್, ಹೋನಿಂಗ್ (ಬೋರಿನ ಗೋಡೆಯನ್ನು ಕಲ್ಲಿನಿಂದ ಉಜ್ಜುವುದು), ಕ್ರ್ಯಾಂಕ್ ಗ್ರೈಂಡಿಂಗ್ ಮನೆಯಲ್ಲಿ ಆಗುವ ಕೆಲಸವಲ್ಲ. ಕುಶಾಲನಗರ ದಾಟಿ ಮೈಸೂರಿನವರೆಗೆ ಹೋಗಬೇಕಾಗಿ ಬಂದರೂ ಒಳ್ಳೆಯ ಶಾಪ್ ಹುಡುಕಿ. ಒಂದು ನಿಯಮ ಬಿಡಬೇಡಿ: ಪಿಸ್ಟನ್ ಮೊದಲು ಕೊಳ್ಳಿ, ಬೋರ್ ಆಮೇಲೆ. 0.25 ಓವರ್‌ಸೈಜ್ ಎಂದರೆ 68.75, 0.50 ಎಂದರೆ 69.00 ಎಂದು ಲೆಕ್ಕ ಹಾಕಿ ಕುರುಡಾಗಿ ಬೋರ್ ಮಾಡಿದರೆ ಪಿಸ್ಟನ್ ಬಿಗಿಯಾಗಬಹುದು, ಇಲ್ಲವೇ ಕಟಕಟ ಸದ್ದು ಬರಬಹುದು. ಪ್ರತಿ ಪಿಸ್ಟನ್ನಿನ ಸ್ಕರ್ಟನ್ನು (ರಿಂಗ್ ಕೆಳಗಿನ ಭಾಗ) ಪಿನ್ನಿಗೆ ಅಡ್ಡವಾಗಿ ಅಳೆದು, ಅದಕ್ಕೆ 0.04ರಿಂದ 0.05 ಮಿಮೀ ಸಂದು ಬಿಟ್ಟು ಆಯಾ ಬೋರ್ ಮುಗಿಸಲು ಹೇಳಿ. ಯಾವ ಪಿಸ್ಟನ್ ಯಾವ ಸಿಲಿಂಡರಿಗೆ ಎಂದು ಬರೆದುಕೊಂಡೇ ಬನ್ನಿ.

ವಾಲ್ವ್ ಲ್ಯಾಪಿಂಗ್, ಅಂದರೆ ವಾಲ್ವನ್ನು ಅದರ ಸೀಟಿಗೆ ಉಜ್ಜಿ ಕೂರಿಸುವುದು, ಮಾತ್ರ ಮನೆಯಲ್ಲೇ ಮಾಡಿ. ಗ್ರೈಂಡಿಂಗ್ ಪೇಸ್ಟ್ ಸವರಿ, ಕಡ್ಡಿಯನ್ನು ಎರಡೂ ಅಂಗೈ ನಡುವೆ ಮಜ್ಜಿಗೆ ಕಡೆಯುವಂತೆ ತಿರುಗಿಸಿ, ಆಗಾಗ ಎತ್ತಿ ಜಾಗ ಬದಲಿಸಿ. ಸುತ್ತಲೂ ಕಡಿಯದ ಬೂದು ಪಟ್ಟಿ ಬಂದರೆ ಮುಗಿಯಿತು. ಪೇಸ್ಟ್ ಪೂರ್ತಿ ತೊಳೆದು ವಾಲ್ವ್ ಜೋಡಿಸಿ, ಪೋರ್ಟಿನಲ್ಲಿ ಸೀಮೆಎಣ್ಣೆ ತುಂಬಿ ಹತ್ತು ನಿಮಿಷ ಬಿಡಿ. ಕೆಳಗೆ ಒದ್ದೆ ಕಾಣಬಾರದು.

ತೊಳೆಯುವುದು

ಶಾಪಿನಿಂದ ಬಂದ ಬ್ಲಾಕ್ ಕಣ್ಣಿಗೆ ಥಳಥಳ ಅನ್ನುತ್ತದೆ. ಆದರೆ ಹೋನಿಂಗ್‌ನ ಅಡ್ಡಗೀರುಗಳ ಒಳಗೆ ಕಲ್ಲಿನ ಪುಡಿ ಕೂತಿರುತ್ತದೆ. ಪೆಟ್ರೋಲ್, ಡೀಸೆಲ್ ಅದನ್ನು ಹೊರತೆಗೆಯುವುದಿಲ್ಲ, ಇನ್ನಷ್ಟು ಒಳಕ್ಕೆ ಒರೆಸುತ್ತವೆ. ಬೇಕಾದದ್ದು ಬಿಸಿನೀರು, ಬಟ್ಟೆ ಸೋಪು ಮತ್ತು ಗಟ್ಟಿ ಬ್ರಷ್. ಉಜ್ಜಿ, ತೊಳೆದು, ಆಯಿಲ್ ಅದ್ದಿದ ಬಿಳಿ ಪಂಚೆಯ ತುಂಡಿನಿಂದ ಬೋರ್ ಒರೆಸಿ. ಬಟ್ಟೆಗೆ ಬೂದು ಬಣ್ಣ ಅಂಟಿದರೆ ಮತ್ತೆ ತೊಳೆಯಿರಿ. ನಾಲ್ಕೈದು ಸಲವಾದರೂ ಆಗುತ್ತದೆ. ಬಟ್ಟೆ ಬೆಳ್ಳಗೆ ಬಂದ ಕ್ಷಣವೇ ಬೋರಿಗೆಲ್ಲ ಎಂಜಿನ್ ಆಯಿಲ್ ಸವರಿ ಪ್ಲಾಸ್ಟಿಕ್ ಹೊದಿಸಿ. ಆ ಪುಡಿ ಉಳಿದರೆ ಹೊಸ ರಿಂಗ್‌ಗಳನ್ನು ಎಮರಿ ಪೇಪರಿನಂತೆ ತಿಂದುಹಾಕುತ್ತದೆ. ಎಂಜಿನ್ ಕಟ್ಟಿದ ಸ್ವಲ್ಪ ದಿನಕ್ಕೇ ಹೊಗೆ ಬಂತು ಎಂದು ಬೇಸರಪಡುವ ಎಷ್ಟೋ ಕಡೆ ಕಾರಣ ಇದೇ.

ಬ್ಲಾಕ್ ಮತ್ತು ಕ್ರ್ಯಾಂಕಿನ ಆಯಿಲ್ ದಾರಿಗಳಿಗೂ ಬ್ರಷ್ ಹೋಗಬೇಕು. ಮನೆಯಲ್ಲಿರುವ 12 ಬೋರ್ ಕೋವಿಯ ಬ್ರಷ್ ಇದಕ್ಕೆ ದಪ್ಪ, ಏರ್‌ಗನ್ ನಳಿಗೆ ಸ್ವಚ್ಛ ಮಾಡುವ ಸಣ್ಣ ಬ್ರಷ್ ಸರಿಯಾಗಿ ಕೂರುತ್ತದೆ. ಕೊನೆಗೆ ಕಂಪ್ರೆಸರ್ ಗಾಳಿ ಹೊಡೆಯಿರಿ, ಕನ್ನಡಕ ಹಾಕಿಕೊಂಡು.

ಕಟ್ಟುವುದು

ಬೇರಿಂಗಿನ ಹಿಂಬದಿ ಒಣಗಿರಬೇಕು, ಒಳಬದಿಗೆ ಧಾರಾಳವಾಗಿ ಆಯಿಲ್. ಮೇನ್ ಕ್ಯಾಪ್‌ಗಳನ್ನು ಒಂದೊಂದಾಗಿ ಬಿಗಿ ಮಾಡುತ್ತ ಪ್ರತಿ ಸಲ ಕ್ರ್ಯಾಂಕ್ ಕೈಯಿಂದ ತಿರುಗಿಸಿ ನೋಡಿ. ಹಿಡಿದುಕೊಂಡರೆ ಕೊನೆಗೆ ಬಿಗಿ ಮಾಡಿದ ಕ್ಯಾಪೇ ಕಳ್ಳ.

ರಿಂಗಿನ ಬಾಯಿ ಸಂದು ಮೇಲಿನ ಎರಡಕ್ಕೆ 0.15ರಿಂದ 0.35 ಮಿಮೀ ಇರಲಿ. ಕಡಿಮೆಯಿದ್ದರೆ ಬಿಸಿಗೆ ತುದಿಗಳು ಒಂದಕ್ಕೊಂದು ತಾಗಿ ರಿಂಗ್ ಮುರಿದು ಬೋರ್ ಗೀರುತ್ತದೆ. ಅಕ್ಷರ ಗುರುತು ಇರುವ ಬದಿ ಮೇಲಕ್ಕೆ. ಬಾಯಿಗಳು ಒಂದೇ ಸಾಲಿಗೆ ಬಾರದಂತೆ ತಿರುಗಿಸಿಡಿ. ಪಿಸ್ಟನ್ ತಲೆಯ ಬಾಣ ಕ್ರ್ಯಾಂಕ್ ಪುಲ್ಲಿ ಕಡೆಗೆ. ಕಂಪ್ರೆಸರ್ ಬಿಗಿದು ಸುತ್ತಿಗೆಯ ಮರದ ಹಿಡಿಯಿಂದ ಮೆಲ್ಲಗೆ ತಟ್ಟಿ. ನಡುವೆ ತಡೆದಂತಾದರೆ ರಿಂಗ್ ಹೊರಗೆ ಜಾರಿದೆ. ಜೋರಾಗಿ ಹೊಡೆಯದೆ ಹೊರತೆಗೆದು ಮತ್ತೆ ಶುರು ಮಾಡಿ.

ಹೆಡ್ ಗ್ಯಾಸ್ಕೆಟ್ ಹೊಸದೇ ಆಗಬೇಕು, ಎರಡೂ ಮುಖ ಎಣ್ಣೆ ಜಿಡ್ಡಿಲ್ಲದೆ ಒಣಗಿರಬೇಕು. ಬೋಲ್ಟ್ ತೂತಿನ ತಳದಲ್ಲಿ ನೀರು, ಆಯಿಲ್ ನಿಂತಿದ್ದರೆ ಟಾರ್ಕ್ ರೆಂಚ್ ಸುಳ್ಳು ಹೇಳುತ್ತದೆ, ಬ್ಲಾಕೂ ಸೀಳಬಹುದು. ನಡುವಿನಿಂದ ಹೊರಕ್ಕೆ, ಮೂರು ಹಂತದಲ್ಲಿ ಬಿಗಿ ಮಾಡಿ. ಸುಜುಕಿಯ ಈ ಕುಟುಂಬದ ಎಂಜಿನ್‌ಗಳಲ್ಲಿ ಕೊನೆಯ ಹಂತ ಸಾಮಾನ್ಯವಾಗಿ 5.5ರಿಂದ 6 ಕೆಜಿ-ಮೀಟರ್, ನಿಮ್ಮ ಮ್ಯಾನ್ಯುಯಲ್ ಜೊತೆ ತಾಳೆ ನೋಡಿ.

ಟೈಮಿಂಗ್ ಬೆಲ್ಟ್, ಟೆನ್ಷನರ್ ಹೊಸದು ಹಾಕಿ. ಗುರುತುಗಳನ್ನು ಹೊಂದಿಸಿ ಬೆಲ್ಟ್ ಕೂರಿಸಿದ ಮೇಲೆ ಕ್ರ್ಯಾಂಕನ್ನು ಕೈಯಿಂದ ಎರಡು ಪೂರ್ತಿ ಸುತ್ತು ತಿರುಗಿಸಿ ಗುರುತು ಮತ್ತೆ ಕೂಡುತ್ತದೆಯೇ ನೋಡಿ. ಪ್ಲಗ್ ವೈರ್ ಕ್ರಮ 1-3-2.

ಥರ್ಮೋಸ್ಟಾಟ್ ಕಿತ್ತೆಸೆಯಿರಿ ಎನ್ನುವವರ ಮಾತು ಕೇಳಬೇಡಿ. ಕೊಡಗಿನ ಚಳಿ ಮಳೆಯಲ್ಲಿ ಅದಿಲ್ಲದ ಎಂಜಿನ್ ಸದಾ ತಣ್ಣಗೇ ಓಡಿ ಬೇಗ ಸವೆಯುತ್ತದೆ. ಪಾತ್ರೆಯ ನೀರಿನಲ್ಲಿ ಕಾಯಿಸಿ, ಅದರ ಮೇಲೆ ಬರೆದ ಉಷ್ಣತೆಗೆ ಬಾಯಿ ಬಿಡುತ್ತದೆಯೇ ನೋಡಿ. ರೇಡಿಯೇಟರ್ ಕ್ಯಾಪ್ ಹೊಸದಿರಲಿ. ಮಡಿಕೇರಿಯ ಎತ್ತರದಲ್ಲಿ ನೀರು 96 ಡಿಗ್ರಿಗೇ ಕುದಿಯುತ್ತದೆ, ಕ್ಯಾಪ್ ಒತ್ತಡ ಹಿಡಿಯದಿದ್ದರೆ ಘಾಟಿಯ ಅರ್ಧದಲ್ಲೇ ಉಕ್ಕುತ್ತದೆ.

ಸ್ಟಾರ್ಟ್ ಮಾಡುವುದು

ಹೊಸ ಆಯಿಲ್, ಹೊಸ ಫಿಲ್ಟರ್ ಹಾಕಿ ಡಿಪ್‌ಸ್ಟಿಕ್ ನೋಡಿ. ಪ್ಲಗ್‌ಗಳಿಲ್ಲದೆ, ಕಾಯಿಲ್ ಕಳಚಿ, ಹತ್ತು ಹತ್ತು ಸೆಕೆಂಡ್ ಸ್ಟಾರ್ಟರ್ ತಿರುಗಿಸಿ, ನಡುವೆ ಬಿಡುವು ಕೊಡಿ. ಆಯಿಲ್ ದೀಪ ಆರಬೇಕು. ಆರದಿದ್ದರೆ ಎಂಜಿನ್ ಸ್ಟಾರ್ಟ್ ಮಾಡಲೇಬೇಡಿ, ಪಂಪ್ ಒಣಗಿದೆ. ಪ್ಲಗ್ ಹಾಕಿ ಸ್ಟಾರ್ಟ್ ಆದ ಮೇಲೆ ಗಂಟೆಗಟ್ಟಲೆ ಐಡಲ್‌ನಲ್ಲಿ ಬಿಡುವುದೂ ತಪ್ಪು. ಹೊರೆಯಿಲ್ಲದೆ ಓಡಿದರೆ ರಿಂಗ್ ಬೋರಿಗೆ ಕೂರದೆ ಗೋಡೆ ಗಾಜಿನಂತೆ ನುಣುಪಾಗುತ್ತದೆ. ಸೋರಿಕೆ ನೋಡಿ, ಬಿಸಿಯಾದ ಮೇಲೆ ರಸ್ತೆಗೆ ಇಳಿಸಿ.

ಮೊದಲ 500 ಕಿಲೋಮೀಟರ್ ಕುಶಾಲನಗರದಿಂದ ಪಿರಿಯಾಪಟ್ಟಣ, ಹುಣಸೂರು ಕಡೆಯ ಸಮತಟ್ಟು ರಸ್ತೆ ಹಿಡಿಯಿರಿ. ವೇಗ ಏರಿಸುತ್ತ ಇಳಿಸುತ್ತ ಓಡಿಸಿ, ಒಂದೇ ವೇಗದಲ್ಲಿ ಹೋಗಬೇಡಿ. ಟಾಪ್ ಗೇರಿನಲ್ಲಿ ತಿಣುಕಿಸಬೇಡಿ. ಸಂಪಾಜೆ ಘಾಟಿ ಹತ್ತುವುದು, ಐದು ಜನ ತುಂಬಿಕೊಂಡು ತಲಕಾವೇರಿಗೆ ಹೋಗುವುದು ಆಮೇಲೆ ಇರಲಿ. 500ಕ್ಕೆ ಆಯಿಲ್, ಫಿಲ್ಟರ್ ಬದಲಿಸಿ. ಇಳಿಸಿದ ಆಯಿಲ್ಲನ್ನು ಬಿಳಿ ಬೇಸಿನ್‌ನಲ್ಲಿ ಹಿಡಿದು ಬಿಸಿಲಿಗೆ ಒಡ್ಡಿ. ಸಣ್ಣ ಬೂದು ಮಿನುಗು ಇದ್ದರೆ ಅದು ರಿಂಗ್ ಕೂರುವಾಗ ಬಂದ ಪುಡಿ. ತಾಮ್ರದ ಬಣ್ಣದ ಚಕ್ಕೆ ಕಂಡರೆ ಬೇರಿಂಗ್ ತಿನ್ನುತ್ತಿದೆ, ಎಂಜಿನ್ ತಳದ ಆಯಿಲ್ ಚೇಂಬರ್ ಇಳಿಸಿ ನೋಡಬೇಕು. ಅದೇ ದಿನ ಬೆಳಿಗ್ಗೆ, ಎಂಜಿನ್ ತಣ್ಣಗಿರುವಾಗಲೇ, ಟ್ಯಾಪೆಟ್ ಸಂದು (ರಾಕರಿಗೂ ವಾಲ್ವಿಗೂ ನಡುವಿನ ಸಂದು) ಇನ್ನೊಮ್ಮೆ ಸರಿಮಾಡಿ.