ಬನಶಂಕರಿ ಜಾತ್ರೆಯಲ್ಲಿ ನನ್ನ ಓಮ್ನಿ ಉಳಿದ ಬಗೆ

ಕಳ್ಳರ ಕೈಯಲ್ಲಿ ಗಾಡಿ ಶುರುವಾಗದಂತೆ ಒಂದು ಗುಪ್ತ ಸ್ವಿಚ್ ಹಾಕುತ್ತೇನೆಂದಾಗ ಬಾಗಲಕೋಟೆ ನವನಗರದ ನನ್ನ ಮೆಕ್ಯಾನಿಕ್ ಮಿತ್ರರು, "ಬ್ಯಾಡ ಬಿಡ್ರಿ ಸಾಹುಕಾರ, ನಡುದಾರ್ಯಾಗ ಕೈ ಕೊಡ್ತದ" ಎಂದಿದ್ದರು. ಅವರ ಮಾತು ಒಮ್ಮೆ ನಿಜವೂ ಆಯಿತು. ಆದರೂ ನಾನು ಬಿಡಲಿಲ್ಲ, ಏಕೆಂದರೆ ಇಳಕಲ್ ಸೀರೆ, ಗುಳೇದಗುಡ್ಡದ ಖಣ ತುಂಬಿಕೊಂಡು ಸಂತೆಯಿಂದ ಸಂತೆಗೆ ತಿರುಗುವ ನನಗೆ 2008ರ ಆ ಓಮ್ನಿಯೇ ಅಂಗಡಿ. ಅದಕ್ಕಿರುವುದು ಥರ್ಡ್ ಪಾರ್ಟಿ ವಿಮೆ ಮಾತ್ರ; ಗಾಡಿ ಕಳುವಾದರೆ ಆ ವಿಮೆಯಿಂದ ಬಿಡಿಗಾಸೂ ಬರುವುದಿಲ್ಲ.

ಮೊದಲು ಸೈರನ್ ಹಾಕಿಸಿದೆ. ಅದಕ್ಕೆ ಎರಡೂವರೆ ಸಾವಿರದ ಮೇಲೆ ಹೋಗಿರಬೇಕು. ಬೀದಿಯಲ್ಲಿ ಲಾರಿ ಹಾದರೂ, ನಾಯಿ ಚಕ್ರಕ್ಕೆ ಒರಗಿದರೂ ಅದು ಕೂಗುತ್ತಿತ್ತು. ತಿಂಗಳೊಳಗೆ ಅದರ ಸದ್ದಿಗೆ ಓಣಿಯವರು ಕಿಟಕಿ ತೆರೆದು ನೋಡುವುದನ್ನೇ ಬಿಟ್ಟರು. ನಾಲ್ಕು ದಿನ ಗಾಡಿ ನಿಂತರೆ ಬ್ಯಾಟರಿ ಇಳಿಯುತ್ತಿತ್ತು, ಹಾಗೆ ಇಳಿದಿಳಿದು ಒಂದು ಬ್ಯಾಟರಿಯೇ ಹಾಳಾಗಿ ಮತ್ತೆ ಮೂರೂವರೆ ಸಾವಿರ ಕೊಡಬೇಕಾಯಿತು. ಆಮೇಲೆ ಒಂಬೈನೂರು ರೂಪಾಯಿಗೆ ಸ್ಟೇರಿಂಗ್ ಲಾಕಿನ ಕಬ್ಬಿಣದ ಸರಳು ತಂದೆ. ಅದನ್ನು ಪರೀಕ್ಷಿಸಲೆಂದೇ ಗುಜರಿಯಿಂದ ಹಳೆಯ ಸ್ಟೇರಿಂಗ್ ಚಕ್ರ ತಂದು ಸರಳು ಸಿಕ್ಕಿಸಿ ಗರಗಸ ಹಿಡಿದೆ. ಸರಳನ್ನು ಕೊಯ್ಯುವ ಅಗತ್ಯವೇ ಬೀಳಲಿಲ್ಲ; ಚಕ್ರದ ಅಂಚನ್ನೇ ಎರಡು ನಿಮಿಷದಲ್ಲಿ ಕೊಯ್ದೆ, ಸರಳು ತಾನಾಗಿ ಕಳಚಿ ಬಂತು.

ಆಗ ತಂತಿಗೆ ಕೈಹಾಕಿದೆ. ಪೆಟ್ರೋಲ್ ಪಂಪಿಗೆ ಹೋಗುವ ದಪ್ಪ ತಂತಿಯನ್ನೇ ಕತ್ತರಿಸಿ, ನಲವತ್ತು ರೂಪಾಯಿಯ ಸ್ವಿಚ್ ಕೂರಿಸಿ, ಬರೀ ಟೇಪ್ ಸುತ್ತಿದ್ದು ನನ್ನ ದೊಡ್ಡ ತಪ್ಪು. ಏಪ್ರಿಲ್ ತಿಂಗಳ ಬಿಸಿಲಿಗೆ ಟೇಪಿನ ಅಂಟು ಕರಗಿತು, ಪಂಪು ಎಳೆಯುವ ಕರೆಂಟಿಗೆ ಸ್ವಿಚ್ ಕಾದು ಮೆತ್ತಗಾಯಿತು, ಇಳಕಲ್ಲಿನಿಂದ ಮಾಲು ತರುವಾಗ ಅಮೀನಗಡ ದಾಟಿದ ಮೇಲೆ ಗಾಡಿ ನಿಂತೇಬಿಟ್ಟಿತು. ಗ್ಯಾಸ್ ಕಿಟ್ ಇದ್ದುದರಿಂದ ಗುಂಡಿಯನ್ನು ಗ್ಯಾಸಿಗೆ ಒತ್ತಿ ಊರು ಮುಟ್ಟಿದೆ. ದಾರಿಯುದ್ದಕ್ಕೂ ನನ್ನನ್ನು ಕಾಡಿದ್ದು ಒಂದೇ ವಿಚಾರ: ಪಂಪು ಸತ್ತ ಗಾಡಿಯನ್ನು ನಾನು ಗ್ಯಾಸಿನ ಮೇಲೆ ಓಡಿಸಬಲ್ಲೆನಾದರೆ ಕಳ್ಳನೂ ಓಡಿಸಬಲ್ಲ. ಅಷ್ಟು ದಿನ ನಾನು ಮುಂಬಾಗಿಲಿಗೆ ಬೀಗ ಹಾಕಿ ಹಿತ್ತಲ ಬಾಗಿಲು ತೆರೆದಿಟ್ಟಿದ್ದೆ.

ಪೆಟ್ರೋಲಾಗಲಿ ಗ್ಯಾಸಾಗಲಿ, ಎಂಜಿನ್ನಿಗೆ ಕಿಡಿ ಬೇಕೇ ಬೇಕು. ಆದ್ದರಿಂದ ಪಂಪಿನ ತಂತಿಯನ್ನು ಬೆಸುಗೆ ಹಾಕಿ ಮೊದಲಿನಂತೆ ಮಾಡಿ, ಕಿಡಿಯ ಕಡೆ ಹೋಗುವ ಒಂದು ತಂತಿಯ ನಡುವೆ ನಾಲ್ಕು ಪಿನ್ನಿನ 30 ಆಂಪಿಯರ್ ರಿಲೇ ಕೂರಿಸಿದೆ. ರಿಲೇ ಎಂದರೆ ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಹಚ್ಚಿ ಆರಿಸುವ ಸಾಧನ. 30 ಮತ್ತು 87ನೇ ಪಿನ್ನುಗಳಲ್ಲಿ ದೊಡ್ಡ ಕರೆಂಟು ಹರಿಯುತ್ತದೆ. ಸ್ವಿಚ್ ಬರುವುದು 85ನೇ ಪಿನ್ನಿನ ಅರ್ಥಿಂಗ್ ದಾರಿಯಲ್ಲಿ ಮಾತ್ರ. ಅಲ್ಲಿ ಹರಿಯುವುದು 150-200 ಮಿಲಿ ಆಂಪಿಯರ್, ಆದ್ದರಿಂದ ಸ್ವಿಚ್ ಕಾಯುವುದೇ ಇಲ್ಲ, ಹಳೆಯ ವಾಯರಿಂಗಿನ ಕಟ್ಟಿನಲ್ಲಿ ಗುರುತು ಸಿಗದಷ್ಟು ಸಣ್ಣ ತಂತಿ ಸಾಕಾಗುತ್ತದೆ. ಎಲ್ಲ ಜೋಡಣೆಗೂ ಬೆಸುಗೆ ಹಾಕಿ ಸ್ಲೀವ್ ಏರಿಸಿದೆ. ರಿಲೇ, ತಂತಿ, ಸ್ವಿಚ್ ಎಲ್ಲ ಸೇರಿ ನಾನೂರು ರೂಪಾಯಿ ದಾಟಲಿಲ್ಲ. ಯಾವ ತಂತಿ, ಸ್ವಿಚ್ ಎಲ್ಲಿದೆ ಎಂಬುದನ್ನು ಮನೆಯವರಿಗೆ ಬಿಟ್ಟು ಯಾರಿಗೂ ಹೇಳಿಲ್ಲ, ಇಲ್ಲಿಯೂ ಹೇಳುವುದಿಲ್ಲ. ಕಣ್ಣು ಹಾಯಿಸದೆ ಕೈಗೆ ಸಿಗಬೇಕು, ಓಡಿಸುವಾಗ ಮೊಣಕಾಲು ತಾಗಬಾರದು, ಇಷ್ಟು ಸಾಕು. ಡ್ಯಾಶ್‌ಬೋರ್ಡಿನ ಕೆಳಗೆ ಕಾಣುವಂತೆ ಇನ್ನೊಂದು ಸ್ವಿಚ್ ಇಟ್ಟಿದ್ದೇನೆ. ಅದಕ್ಕೆ ಯಾವ ತಂತಿಯೂ ಇಲ್ಲ. ವಾರಂಟಿಯಲ್ಲಿರುವ ಹೊಸ ಗಾಡಿಗೆ ಇದನ್ನು ಮಾಡಬೇಡಿರಿ.

ನಡುವೆ ಜಿಪಿಎಸ್ ಪೆಟ್ಟಿಗೆಯನ್ನೂ ನೋಡಿದೆ. ನನ್ನದು 2ಜಿ ಪೆಟ್ಟಿಗೆ. ಜಿಯೋ ಸಿಮ್ ಹಾಕಿ ಒಂದು ವಾರ ಒದ್ದಾಡಿದ ಮೇಲೆ ಆ ಜಾಲದಲ್ಲಿ 2ಜಿ ಇಲ್ಲವೆಂದು ತಿಳಿದು ಏರ್‌ಟೆಲ್ ಹಾಕಿದೆ. ಸೀಟಿನ ಕೆಳಗಿನ ತಗಡಿನ ಮರೆಯಲ್ಲಿಟ್ಟಾಗ ಉಪಗ್ರಹ ಸಿಗಲಿಲ್ಲ, ಪ್ಲಾಸ್ಟಿಕ್ಕಿನ ಹಿಂದೆ ಇಟ್ಟಾಗ ಸಿಕ್ಕಿತು. ಬ್ಯಾಟರಿಯ ತಂತಿ ಕಿತ್ತರೆ ಮೂರು ತಾಸಿನಷ್ಟು ಜೀವ ಹಿಡಿಯುತ್ತದೆ. ಹೋದ ಗಾಡಿಯನ್ನು ಹುಡುಕಲು ಅದು ಬೇಕು, ಹೋಗದಂತೆ ತಡೆಯಲು ಅದರಿಂದಾಗದು.

ಕಳೆದ ಬನಶಂಕರಿ ಜಾತ್ರೆಯಲ್ಲಿ ಎಂದಿನಂತೆ ಅಂಗಡಿ ಹಾಕಿದ್ದೆ. ಒಂದು ರಾತ್ರಿ ಗಾಡಿಯನ್ನು ಹೊಲದಲ್ಲಿ ನಿಲ್ಲಿಸಿ, ಸ್ವಿಚ್ ಆರಿಸಿ, ಕಂಪನಿ ನಾಟಕಕ್ಕೆ ಹೋದೆ. ಬೆಳಗಿನ ಜಾವ ಬಂದು ನೋಡಿದರೆ ಕಿಟಕಿಯ ಗಾಜು ಒಡೆದಿತ್ತು, ಸ್ಟೇರಿಂಗ್ ಲಾಕ್ ಮುರಿದಿತ್ತು, ಕೀಲಿಯ ಹಿಂದಿನ ತಂತಿಗಳನ್ನು ಸುಲಿದು ಒಂದಕ್ಕೊಂದು ಹೆಣೆದಿದ್ದರು. ಸ್ಟಾರ್ಟರ್ ತಿರುಗಿಸಿ ತಿರುಗಿಸಿ ಬ್ಯಾಟರಿಯನ್ನು ಸ್ಟಾರ್ಟರ್ ಎಳೆಯದಷ್ಟು ಇಳಿಸಿದ್ದರು. ಕಾಣುವ ಸ್ವಿಚ್ಚನ್ನೂ ಕಿತ್ತು ನೆಲಕ್ಕೆಸೆದಿದ್ದರು. ಗಾಡಿ ಮಾತ್ರ ನಿಂತ ಜಾಗ ಬಿಟ್ಟು ಕದಲಿರಲಿಲ್ಲ. ಪೊಲೀಸರು ಬಂದು ನೋಡಿಹೋದ ಮೇಲೆ ಹೆಣೆದ ತಂತಿಗಳನ್ನು ಸರಿಪಡಿಸಿ, ನನ್ನ ಸ್ವಿಚ್ ಹಾಕಿ, ನಾಲ್ಕು ಜನರಿಂದ ತಳ್ಳಿಸಿದೆ, ಗಾಡಿ ಶುರುವಾಯಿತು.

ಮೆಕ್ಯಾನಿಕ್ ಮಿತ್ರರಿಗೆ ನಾನು ಮೊದಲು ತೋರಿಸಿದ್ದು ಒಡೆದ ಗಾಜನ್ನಲ್ಲ, ಗ್ಯಾಸಿನ ಗುಂಡಿಯನ್ನು. ನಾನು ಪೆಟ್ರೋಲಿನ ಮೇಲೆ ಬಿಟ್ಟುಹೋಗಿದ್ದ ಆ ಗುಂಡಿ ಗ್ಯಾಸಿನ ಕಡೆಗಿತ್ತು. ಮುಂದಿನ ವಾರ ಅವರು ತಮ್ಮ ಗಾಡಿಯನ್ನೇ ನಮ್ಮ ಮನೆಯ ಮುಂದೆ ತಂದು ನಿಲ್ಲಿಸಿದರು.