ಕಾಗದದ ಗ್ರೇನ್ ಕಲಿಸಲು ಒದ್ದೆ ಬಟ್ಟೆ ಸಾಕು

ಮುದ್ರಣ ಕಲಿಸುವ ಮೇಷ್ಟ್ರುಗಳೇ, ಗ್ರೇನ್, ಅಂದರೆ ಕಾಗದದ ನಾರುಗಳು ಸಾಲಾಗಿ ಮಲಗಿದ ದಿಕ್ಕು, ಅದರ ಪಾಠವನ್ನು ಬೋರ್ಡಿನ ಮೇಲೆ ಮಾಡಬೇಡಿ. ಹಾಳೆಯಿಂದ ಅಂಗೈಯಗಲದ ಚೌಕ ಕತ್ತರಿಸಿ, ಹಾಳೆಯ ಉದ್ದದ ದಿಕ್ಕಿಗೆ ಪೆನ್ಸಿಲಿನಲ್ಲಿ ಬಾಣ ಹಾಕಿಸಿ, ಒಂದೇ ಮಗ್ಗುಲಿಗೆ ಒದ್ದೆ ಬಟ್ಟೆ ಒತ್ತಿಸಿ. ನೋಡನೋಡುತ್ತಲೇ ಕಾಗದ ಕೊಳವೆಯ ಹಾಗೆ ಸುರುಳಿಯಾಗುತ್ತದೆ. ಕೊಳವೆ ಉದ್ದಕ್ಕೆ ಮಲಗಿದ ದಿಕ್ಕೇ ಗ್ರೇನ್. ನಾರು ನೀರು ಕುಡಿದರೆ ದಪ್ಪವಾಗುತ್ತದೆ, ಉದ್ದವಾಗುವುದು ತೀರಾ ಕಡಿಮೆ. ಹಾಗಾಗಿ ಹಾಳೆ ಹೆಚ್ಚು ಹಿಗ್ಗುವುದು ಗ್ರೇನಿಗೆ ಅಡ್ಡಲಾಗಿ. ಜುಲೈ ಮಳೆಯಲ್ಲಿ ಕಾರವಾರದಂಥ ಕಡೆ ಸಿಂಗಲ್ ಕಲರ್ ಮಶಿನ್ನಿನಲ್ಲಿ ಯಕ್ಷಗಾನದ ಪೋಸ್ಟರ್ ಹೊಡೆಯುವಾಗ, ಒಂದು ಬಣ್ಣ ಮುಗಿದು ಇನ್ನೊಂದು ಹತ್ತುವಷ್ಟರಲ್ಲಿ ಹಾಳೆ ಹಿಗ್ಗಿ, ಬಣ್ಣಗಳು ಒಂದರ ಮೇಲೊಂದು ಸರಿಯಾಗಿ ಕೂರದೆ ಕಿರೀಟದ ಅಂಚಿನಲ್ಲಿ ಗುಲಾಬಿ ಗೆರೆ ಇಣುಕುತ್ತದಲ್ಲ, ಅದರ ಕಾರಣ ಆಮೇಲೆ ಹೇಳಿ, ಹುಡುಗರಿಗೆ ತಟ್ಟನೆ ಹೊಳೆಯುತ್ತದೆ. ಕೈಯಲ್ಲಿ ತಯಾರಿಸಿದ ಕಾಗದದಲ್ಲಿ ಈ ಒದ್ದೆ ಬಟ್ಟೆಯ ಪರೀಕ್ಷೆ ನಡೆಯುವುದಿಲ್ಲ, ಅದರ ನಾರಿಗೆ ಸ್ಪಷ್ಟ ದಿಕ್ಕಿಲ್ಲ. ಲ್ಯಾಮಿನೇಟ್ ಆದದ್ದು ನೀರನ್ನೇ ಒಳಗೆ ಬಿಡದು. ಮಳೆಗಾಲದಲ್ಲಿ ಬಿಚ್ಚಿಟ್ಟ ರೀಮ್ (ಹಾಳೆಗಳ ಕಟ್ಟು) ಮೊದಲೇ ತೇವ ಹಿಡಿದಿರುವುದರಿಂದ ಸುರುಳಿ ಮಂಕಾಗಿ ಕಾಣುತ್ತದೆ. ಪ್ಲಾಸ್ಟಿಕ್ಕಿನಲ್ಲಿ ಬಿಗಿಯಾಗಿ ಕಟ್ಟಿಟ್ಟ ಹಾಳೆಯನ್ನೇ ತೆಗೆಯಿರಿ.