ಹ್ಯಾಮ್ ಬಳಗದಲ್ಲಿ ಕೈತಪ್ಪುತ್ತಿದ್ದ ಸಂಪರ್ಕಗಳು: ನನ್ನ ಅನುಭವ

ಹಲವು ದೇಶಗಳ ಹವ್ಯಾಸಿ ರೇಡಿಯೊ ಬಳಕೆದಾರರಿಗಾಗಿ ಕಟ್ಟಿದ ನಮ್ಮ ಆನ್‌ಲೈನ್ ಬಳಗದಲ್ಲಿ ಹರಟೆಗೆ ಕೊರತೆಯಿರಲಿಲ್ಲವಾದರೂ, ಅಲ್ಲಿ ಗೊತ್ತುಮಾಡಿಕೊಂಡ ಸಂಪರ್ಕಗಳು ರೇಡಿಯೊದಲ್ಲಿ ಕೈಗೂಡುತ್ತಿದ್ದದ್ದು ಅಪರೂಪ. ‘ರಾತ್ರಿ ಒಂಬತ್ತಕ್ಕೆ 20 ಮೀಟರ್‌ನಲ್ಲಿ ಸಿಗೋಣ’ ಎಂಬಂಥ ಸಂದೇಶಗಳನ್ನು ಮತ್ತೆ ಓದಿದಾಗ ಕಾರಣ ಹೊಳೆಯಿತು: ಯಾರ ಊರಿನ ಒಂಬತ್ತು ಎಂಬುದು ಅದರಲ್ಲಿರಲಿಲ್ಲ, 14.000ದಿಂದ 14.350 ಮೆಗಾಹರ್ಟ್ಸ್‌ವರೆಗೆ ಹರಡಿರುವ ಆ 20 ಮೀಟರ್ ಬ್ಯಾಂಡಿನಲ್ಲಿ (ತರಂಗದ ಉದ್ದದಿಂದ ಹೆಸರಿಸಿದ ಆವರ್ತನಗಳ ಪಟ್ಟಿಯಲ್ಲಿ) ಎಲ್ಲಿ ಕಿವಿಗೊಡಬೇಕೆಂಬುದೂ ಇರಲಿಲ್ಲ.

ಆದ್ದರಿಂದ ಯುಟಿಸಿ (ಜಗತ್ತಿಗೆಲ್ಲ ಒಂದೇ ಆದ ಪ್ರಮಾಣ ಕಾಲ) ದಿನಾಂಕ ಮತ್ತು ಸಮಯ, ಕಿಲೊಹರ್ಟ್ಸ್‌ನಲ್ಲಿ ಆವರ್ತನ, ಮೋಡ್ (ಧ್ವನಿ, ಮೋರ್ಸ್ ಮುಂತಾದ ಪ್ರಸಾರ ವಿಧಾನ) ಹಾಗೂ ಆರು ಅಕ್ಷರಾಂಕಗಳ ಮೇಡನ್‌ಹೆಡ್ ಲೊಕೇಟರ್ (ಭೂಮಿಯ ಮೇಲೆ ತಾವಿರುವ ಜಾಗವನ್ನು ಸೂಚಿಸುವ ಸಂಕೇತ), ಇಷ್ಟನ್ನೂ ತುಂಬದೆ ಸಂಪರ್ಕದ ಯಾವ ಕೋರಿಕೆಯೂ ಬಳಗಕ್ಕೆ ಹೋಗದಂತೆ ಒಂದು ನಮೂನೆಯನ್ನು ರೂಪಿಸಿದೆ. ಎಸ್‌ಎಸ್‌ಬಿ ಎಂಬ ಧ್ವನಿ ಮೋಡನ್ನು (ಒಂದೇ ಪಾರ್ಶ್ವಪಟ್ಟಿಯ ಪ್ರಸಾರ) ಆರಿಸಿಕೊಂಡವರಿಗೆ, ವಾಡಿಕೆಯಂತೆ 10 ಮೆಗಾಹರ್ಟ್ಸ್‌ಗಿಂತ ಕೆಳಗೆ ಎಲ್‌ಎಸ್‌ಬಿ (ಕೆಳ ಪಾರ್ಶ್ವಪಟ್ಟಿ), ಮೇಲೆ ಯುಎಸ್‌ಬಿ (ಮೇಲಿನ ಪಾರ್ಶ್ವಪಟ್ಟಿ) ಎಂದು ತಾನಾಗಿಯೇ ತುಂಬಿಕೊಳ್ಳುತ್ತದೆ. ಸುಮಾರು 5 ಮೆಗಾಹರ್ಟ್ಸ್‌ನ 60 ಮೀಟರ್ ಬ್ಯಾಂಡ್ ಮಾತ್ರ ಅಪವಾದ, ಅಲ್ಲಿ ಯುಎಸ್‌ಬಿಯೇ ರೂಢಿ. ಲೊಕೇಟರ್‌ಗಳಿಂದ ಇಬ್ಬರ ನಡುವಿನ ದೂರವೂ ದಿಕ್ಕೂ ಲೆಕ್ಕವಾಗಿ, ಆಂಟೆನಾವನ್ನು ಎತ್ತ ತಿರುಗಿಸಬೇಕೆಂಬುದು ಮೊದಲೇ ತಿಳಿಯುತ್ತದೆ. ನಿಯಮ ಹೆಚ್ಚಾಯಿತೆಂದು ಗೊಣಗಿದ್ದ ಹಳಬರಿಗೆ ಹಿಡಿಸಿದ್ದೂ ಇದೇ.

ಈಗ ಸಂಪರ್ಕ ತಪ್ಪಿದರೆ ಸಾಮಾನ್ಯವಾಗಿ, ರೇಡಿಯೊ ತರಂಗಗಳನ್ನು ಭೂಮಿಯತ್ತ ಮರಳಿಸುವ ಮೇಲ್ವಾತಾವರಣದ ಪದರವಾದ ಅಯಾನುಗೋಳದ ಏರುಪೇರೇ ಕಾರಣ. ಅದಕ್ಕೆಂದೇ ಪ್ರತಿ ಕೋರಿಕೆಯಲ್ಲೂ ಬದಲಿಯಾಗಿ 40 ಮೀಟರ್ ಬ್ಯಾಂಡಿನ ಒಂದು ಆವರ್ತನವನ್ನು ಕೇಳಿ ಪಡೆಯುತ್ತೇವೆ.